ನೋಡುವವರನ್ನು ನೋಡಿದವನು

ಟೈಮ್, ಲೈಫ್ ಪತ್ರಿಕೆಗಳನ್ನು ಹೊರತರುತ್ತಿದ್ದ ಟೈಮ್ ಸಂಸ್ಥೆಯಿಂದ ಬಂದ ಚೆಕ್ಕಿನ ಜೊತೆಗಿದ್ದ ಒಂದು ಚೀಟಿಯಲ್ಲಿ ಹೀಗೆ ನಮೂದಾಗಿತ್ತು: ಎರಡು ಕೊಲೆ, 35 ಡಾಲರ್. ಆ ಹಣ ಪಡೆದ ಛಾಯಾಗ್ರಾಹಕ ಚೀಟಿಯನ್ನು ಎಸೆಯಲಿಲ್ಲ. ಜೋಪಾನವಾಗಿ ಇಟ್ಟುಕೊಂಡು, ಮುಂದೆ ತನ್ನ ಚಿತ್ರಗಳ ಪುಸ್ತಕದಲ್ಲಿ ಅದನ್ನೂ ಅಚ್ಚು ಹಾಕಿಸಿದ. ತನ್ನ ಕೆಲಸದ ಬೆಲೆ ಎಷ್ಟು, ಅದನ್ನು ಕೊಡುವವರು ಯಾರು, ಯಾವುದಕ್ಕೆ ಕೊಡುತ್ತಾರೆ ಎಂಬುದನ್ನು ಓದುಗರಿಂದ ಮುಚ್ಚಿಡಬೇಕೆಂದು ಅವನಿಗೆ ಅನ್ನಿಸಿರಲಿಲ್ಲ. ನ್ಯೂಯಾರ್ಕಿನ ಟ್ಯಾಬ್ಲಾಯ್ಡ್ ಪತ್ರಿಕೆಗಳಿಗೆ ರಾತ್ರಿಯಿಡೀ ಓಡಾಡಿ ಚಿತ್ರ ತೆಗೆಯುತ್ತಿದ್ದ ವೀಜಿಯ ಬಗ್ಗೆ ನನಗೆ ಮೊದಲು ಗೌರವ ಹುಟ್ಟಿದ್ದು ಅವನ ಯಾವುದೇ ಪ್ರಸಿದ್ಧ ಚಿತ್ರದಿಂದಲ್ಲ, ಈ ಚೀಟಿಯಿಂದ.

ನಾನು ಕೆಲವು ವರ್ಷ ಪತ್ರಿಕೆಯೊಂದರ ಡೆಸ್ಕಿನಲ್ಲಿ ರಾತ್ರಿ ಪಾಳಿಯ ಕೆಲಸ ಮಾಡಿದವನು. ಹೆದ್ದಾರಿಯ ಅಪಘಾತ, ಬಾವಿಗೆ ಬಿದ್ದ ಮಗು, ಸುಟ್ಟ ಗುಡಿಸಲು ಹೀಗೆ ಜಿಲ್ಲೆಗಳಿಂದ ಬರುತ್ತಿದ್ದ ಚಿತ್ರಗಳಲ್ಲಿ ಯಾವುದನ್ನು ಹಾಕಬೇಕು, ಎಲ್ಲಿ ಕತ್ತರಿಸಬೇಕು ಎಂದು ಹತ್ತು ನಿಮಿಷದಲ್ಲಿ ತೀರ್ಮಾನವಾಗಬೇಕಿತ್ತು. ಕಳಿಸಿದವರಲ್ಲಿ ಬಹಳ ಮಂದಿ ಸಂಬಳದವರಲ್ಲ, ಅಚ್ಚಾದ ಚಿತ್ರಕ್ಕಿಷ್ಟು ಎಂದು ಕಾಸು ಪಡೆಯುವವರು. ಕೊನೆಯ ಆವೃತ್ತಿ ಮುಚ್ಚುವ ಹೊತ್ತಿಗೆ ಫೋನ್ ಮಾಡಿ, ಒಳಪುಟದಲ್ಲಾದರೂ ಹಾಕಿ ಸರ್ ಎನ್ನುತ್ತಿದ್ದರು. ಆ ದನಿಯಲ್ಲಿದ್ದದ್ದು ಹೆಸರಿನ ಆಸೆ ಮಾತ್ರ ಎಂದು ನನಗೆ ಎಂದೂ ಅನ್ನಿಸಿಲ್ಲ. ಬಾಡಿಗೆಯ ಚಿಂತೆಯೂ ಅದರಲ್ಲಿ ಇರುತ್ತಿತ್ತು. ವೀಜಿಯನ್ನು ಓದುವಾಗಲೆಲ್ಲ ಆ ದನಿ ನನ್ನ ಕಿವಿಯಲ್ಲಿರುತ್ತದೆ.

ಅವನ ಹುಟ್ಟುಹೆಸರು ಉಷರ್ ಫೆಲ್ಲಿಗ್. 1899ರ ಜೂನ್ 12ರಂದು, ಆಗ ಆಸ್ಟ್ರಿಯಾ-ಹಂಗರಿ ಸಾಮ್ರಾಜ್ಯಕ್ಕೆ ಸೇರಿದ್ದ, ಈಗ ಉಕ್ರೇನಿನಲ್ಲಿರುವ ಜೊಲೊಚಿವ್ ಊರಿನ ಯೆಹೂದಿ ಕುಟುಂಬದಲ್ಲಿ ಹುಟ್ಟಿದ. ತಂದೆ ಮೊದಲು ಅಮೆರಿಕಕ್ಕೆ ಹೋದರು, ತಾಯಿ ಮಕ್ಕಳು ಆಮೇಲೆ ಹೊರಟರು. ಹತ್ತರ ಆಸುಪಾಸಿನ ಹುಡುಗ ನ್ಯೂಯಾರ್ಕಿಗೆ ಬಂದಿಳಿದಾಗ ಉಷರ್ ಹೋಗಿ ಆರ್ಥರ್ ಆದ. ಮನೆ ಮ್ಯಾನ್‌ಹಟನ್ನಿನ ಲೋಯರ್ ಈಸ್ಟ್ ಸೈಡಿನಲ್ಲಿ. ಒಂದೇ ಕಟ್ಟಡದಲ್ಲಿ ಹತ್ತಾರು ಸಂಸಾರಗಳು, ಗಾಳಿ ಬೆಳಕು ಕಾಣದ ಕೋಣೆಗಳು, ಸೆಖೆಗಾಲದಲ್ಲಿ ಬೆಂಕಿ ಅವಘಡಕ್ಕೆಂದು ಹೊರಗೋಡೆಗೆ ಹಾಕಿದ ಕಬ್ಬಿಣದ ಮೆಟ್ಟಿಲಿನ ಮೇಲೆ ಮಲಗುವ ಮಕ್ಕಳು. ತಂದೆ ತಳ್ಳುಗಾಡಿಯಲ್ಲಿ ಸಾಮಾನು ಮಾರುತ್ತಿದ್ದರು. ಸಂಸಾರಕ್ಕೆ ನೆರವಾಗಲೆಂದು ಹುಡುಗ ಹದಿನಾಲ್ಕರ ವಯಸ್ಸಿನ ಹೊತ್ತಿಗೆ ಶಾಲೆ ಬಿಟ್ಟ.

ಬೀದಿಬದಿ ಛಾಯಾಗ್ರಾಹಕನೊಬ್ಬ ತನ್ನ ಚಿತ್ರ ತೆಗೆದದ್ದನ್ನು ಕಂಡು ಅವನಿಗೆ ಕ್ಯಾಮೆರಾದ ಹುಚ್ಚು ಹಿಡಿಯಿತು. ಒಂದು ಕುದುರೆಮರಿಯನ್ನು ಬಾಡಿಗೆಗೆ ಪಡೆದು, ವಾರದ ಕೊನೆಯಲ್ಲಿ ಬಡವರ ಬೀದಿಗಳಿಗೆ ಹೋಗಿ, ಮಕ್ಕಳನ್ನು ಅದರ ಮೇಲೆ ಕೂರಿಸಿ ಚಿತ್ರ ತೆಗೆದು ಮಾರುತ್ತಿದ್ದ. ಕುದುರೆಗೆ ಇಟ್ಟ ಹೆಸರು ಹೈಪೊ, ಡಾರ್ಕ್ ರೂಮಿನಲ್ಲಿ ಚಿತ್ರವನ್ನು ಸ್ಥಿರಗೊಳಿಸುವ ರಾಸಾಯನಿಕದ ಹೆಸರು. ತಾಯಂದಿರಿಗೆ ಮಕ್ಕಳ ಮುಖ ಬೆಳ್ಳಗೆ ಕಾಣಬೇಕಿತ್ತು, ಅವನು ಹಾಗೆಯೇ ಮುದ್ರಿಸಿ ಕೊಡುತ್ತಿದ್ದ. ಕಡು ಕಪ್ಪಿನ ನಡುವೆ ಸುಣ್ಣ ಬಳಿದಂತೆ ಬಿಳುಚಿದ ಮುಖಗಳು ಮುಂದೆ ಅವನ ಪತ್ರಿಕಾ ಚಿತ್ರಗಳ ಗುರುತಾದವು. ಅವು ಫ್ಲ್ಯಾಶ್ ಬಲ್ಬಿನಿಂದ ಬಂದವು ಎನ್ನುವುದು ನಿಜ. ಆದರೆ ಆ ರೀತಿಯ ಚಿತ್ರವನ್ನು ಜನ ಮೆಚ್ಚಿ ಕಾಸು ಕೊಡುತ್ತಾರೆ ಎಂಬುದು ಅವನಿಗೆ ಹೈಪೊ ಕಾಲದಲ್ಲೇ ಗೊತ್ತಾಗಿತ್ತು ಎಂದು ನನ್ನ ಊಹೆ.

ಹದಿನೆಂಟರ ಸುಮಾರಿಗೆ ಮನೆ ಬಿಟ್ಟ. ಉದ್ಯಾನದ ಬೆಂಚು, ರೈಲು ನಿಲ್ದಾಣ, ಧರ್ಮಸಂಸ್ಥೆಗಳ ತಂಗುದಾಣ ಎಂದು ಎಲ್ಲೆಂದರಲ್ಲಿ ಮಲಗಿದ. ಮೂಕಿ ಸಿನಿಮಾ ನಡೆಯುವಾಗ ಪಿಟೀಲು ನುಡಿಸುವ ಕೆಲಸವನ್ನೂ ಮಾಡಿದ. 1924ರಲ್ಲಿ ಆಕ್ಮಿ ನ್ಯೂಸ್‌ಪಿಕ್ಚರ್ಸ್ ಎಂಬ ಚಿತ್ರಸಂಸ್ಥೆಯ ಡಾರ್ಕ್ ರೂಂ ಸೇರಿ, ಸುಮಾರು ಹನ್ನೊಂದು ವರ್ಷ ಬೇರೆಯವರು ತೆಗೆದ ಚಿತ್ರಗಳನ್ನು ತೊಳೆದು, ಒಣಗಿಸಿ, ಮುದ್ರಿಸಿದ. ಬೇರೆ ಯಾರೂ ಇಲ್ಲದ ಅಪರಾತ್ರಿಗಳಲ್ಲಿ ಮಾತ್ರ ಅವನನ್ನು ಕ್ಯಾಮೆರಾ ಹಿಡಿಸಿ ಹೊರಗೆ ಕಳಿಸುತ್ತಿದ್ದರು. ಸುದ್ದಿ ಆಗುವ ಮೊದಲೇ ಅಲ್ಲಿರುತ್ತಾನೆ ಎಂದು, ಭವಿಷ್ಯ ಕೇಳುವ ಊಯಿಜಾ (Ouija) ಹಲಗೆಯ ಹೆಸರಿನಿಂದ ವೀಜಿ ಎಂದು ಕರೆದರು ಎಂಬುದು ಅವನೇ ಹರಡಿದ ಕಥೆ. ಮುದ್ರಿಸಿದ ಚಿತ್ರದ ನೀರು ಒರೆಸುವ ರಬ್ಬರ್ ಪಟ್ಟಿಗೆ ಇಂಗ್ಲಿಷಿನಲ್ಲಿ ಸ್ಕ್ವೀಜಿ ಎನ್ನುತ್ತಾರೆ, ಆ ಕೆಲಸದ ಹುಡುಗನಿಗಿದ್ದ ಅಡ್ಡಹೆಸರೇ ಮೂಲ ಎಂದು ಹೇಳುವವರೂ ಇದ್ದಾರೆ. 1935ರಲ್ಲಿ, ಮೂವತ್ತಾರರ ಆಸುಪಾಸಿನಲ್ಲಿ, ಖಾಯಂ ಕೆಲಸ ಬಿಟ್ಟು ಸ್ವತಂತ್ರನಾದ. ಅಮೆರಿಕ ಇನ್ನೂ ಮಹಾ ಆರ್ಥಿಕ ಕುಸಿತದಿಂದ ಹೊರಬಂದಿರದ ಕಾಲ. ಅಂಥ ಹೊತ್ತಿನಲ್ಲಿ ಸಂಬಳ ಬಿಡುವುದಕ್ಕೆ ಎಷ್ಟು ಎದೆಗಾರಿಕೆ ಬೇಕು ಎಂಬುದನ್ನು ಅವನ ಬಗ್ಗೆ ಬರೆಯುವವರು ಒಂದೇ ವಾಕ್ಯದಲ್ಲಿ ದಾಟಿಬಿಡುತ್ತಾರೆ.

ಅವನು ಕಾಲಿಟ್ಟ ಟ್ಯಾಬ್ಲಾಯ್ಡ್ ಲೋಕದ ಬಗ್ಗೆ ಒಂದೆರಡು ಮಾತು. 1919ರಲ್ಲಿ ಶುರುವಾದ ನ್ಯೂಯಾರ್ಕಿನ ಡೈಲಿ ನ್ಯೂಸ್ ತನ್ನನ್ನು ಚಿತ್ರಪತ್ರಿಕೆ ಎಂದೇ ಕರೆದುಕೊಂಡಿತ್ತು. ಸಬ್‌ವೇ ರೈಲಿನ ನೂಕುನುಗ್ಗಲಿನಲ್ಲಿ ನಿಂತು ಓದಲು ಅನುಕೂಲವಾದ ಸಣ್ಣ ಹಾಳೆ, ಮುಖಪುಟದ ತುಂಬ ಚಿತ್ರ. ಇಂಗ್ಲಿಷ್ ಸರಿಯಾಗಿ ಬಾರದ ವಲಸಿಗನೂ ಅದನ್ನು ಕೊಳ್ಳಬಹುದಿತ್ತು. 1928ರ ಜನವರಿಯಲ್ಲಿ ಸಿಂಗ್ ಸಿಂಗ್ ಸೆರೆಮನೆಯಲ್ಲಿ ರೂತ್ ಸ್ನೈಡರ್ ಎಂಬ ಹೆಂಗಸಿಗೆ ವಿದ್ಯುತ್ ಕುರ್ಚಿಯಲ್ಲಿ ಮರಣದಂಡನೆಯಾದಾಗ ಟಾಮ್ ಹೊವಾರ್ಡ್ ಎಂಬ ಛಾಯಾಗ್ರಾಹಕ ಕಣಕಾಲಿಗೆ ಸಣ್ಣ ಕ್ಯಾಮೆರಾ ಕಟ್ಟಿಕೊಂಡು ಒಳಹೊಕ್ಕು, ಆ ಕ್ಷಣದ ಚಿತ್ರವನ್ನು ಕದ್ದು ತೆಗೆದ. ಮರುದಿನ ಡೈಲಿ ನ್ಯೂಸ್ ಅದನ್ನು ಮುಖಪುಟದಲ್ಲಿ, ಮೇಲೆ ‘ಸತ್ತಳು’ ಎಂಬ ಒಂದೇ ಪದವಿಟ್ಟು ಪ್ರಕಟಿಸಿತು. ನಮ್ಮಲ್ಲಿ ಟ್ಯಾಬ್ಲಾಯ್ಡ್ ಎಂದಾಗ ಬರೆಯುವವನ ಹೆಸರು ಮೊದಲು ನೆನಪಾಗುತ್ತದೆ. ಲಂಕೇಶ್ ಪತ್ರಿಕೆಯ ಕಪ್ಪುಬಿಳುಪು ಪುಟಗಳನ್ನು ಜನ ಕೊಂಡದ್ದು ಮಾತಿಗಾಗಿ. ನ್ಯೂಯಾರ್ಕಿನ ಟ್ಯಾಬ್ಲಾಯ್ಡ್ ನಿಂತಿದ್ದು ಕ್ಯಾಮೆರಾದ ಮೇಲೆ, ಅದಕ್ಕೆ ಪ್ರತಿ ಬೆಳಿಗ್ಗೆ ಹೊಸ ಚಿತ್ರ ಬೇಕಿತ್ತು.

ವೀಜಿ ಸೆಂಟರ್ ಮಾರ್ಕೆಟ್ ಪ್ಲೇಸ್‌ನಲ್ಲಿ, ಪೊಲೀಸ್ ಕೇಂದ್ರ ಕಚೇರಿಯ ಹಿಂದುಗಡೆ, ಒಂದು ಕೋಣೆ ಹಿಡಿದ. ಕೆಳಗೆ ಬಂದೂಕಿನ ಅಂಗಡಿ. ಒಳಗೆ ಒಂದು ಮಂಚ, ಗೋಡೆಗೆ ತನ್ನದೇ ಚಿತ್ರಗಳ ಪತ್ರಿಕಾ ತುಣುಕುಗಳು. ಮೊದಮೊದಲು ರಾತ್ರಿಯೆಲ್ಲ ಪೊಲೀಸ್ ಕಚೇರಿಯ ಟೆಲಿಪ್ರಿಂಟರ್ ಬಳಿ ಕಾದು ಕೂರುತ್ತಿದ್ದ. 1938ರಲ್ಲಿ ತನ್ನ ಶೆವ್ರೊಲೆ ಕಾರಿನಲ್ಲಿ ಪೊಲೀಸ್ ತರಂಗಗಳನ್ನು ಕೇಳುವ ರೇಡಿಯೊ ಇಟ್ಟುಕೊಳ್ಳಲು ಅನುಮತಿ ಸಿಕ್ಕಿತು. ಕಾರಿನ ಡಿಕ್ಕಿಯೇ ಅವನ ಕಚೇರಿ: ಟೈಪ್‌ರೈಟರ್, ಫ್ಲ್ಯಾಶ್ ಬಲ್ಬುಗಳ ಪೆಟ್ಟಿಗೆ, ಅಗ್ನಿಶಾಮಕ ದಳದವರ ಬೂಟು, ಚುರುಟು, ತಿನ್ನಲು ಸಲಾಮಿ, ಬದಲಾಯಿಸಲು ಒಳಉಡುಪು. ಕೈಯಲ್ಲಿ ನಾಲ್ಕು ಅಂಗುಲಕ್ಕೆ ಐದು ಅಂಗುಲದ ಫಿಲ್ಮ್ ಹಿಡಿಯುವ ಭಾರದ ಸ್ಪೀಡ್ ಗ್ರಾಫಿಕ್ ಕ್ಯಾಮೆರಾ. ಕತ್ತಲಲ್ಲಿ ಫೋಕಸ್ ಹುಡುಕುತ್ತ ನಿಲ್ಲುವಂತಿರಲಿಲ್ಲ. ಆದ್ದರಿಂದ ದೂರ ಹತ್ತು ಅಡಿ, ಬೆಳಕು ಒಳಬಿಡುವ ರಂಧ್ರದ ಅಳತೆ (ಅಪರ್ಚರ್) ಎಫ್ 16, ಶಟರ್ ವೇಗ ಸೆಕೆಂಡಿನ ಇನ್ನೂರನೇ ಒಂದು ಭಾಗ ಎಂದು ಮೊದಲೇ ಕಟ್ಟಿಟ್ಟಿರುತ್ತಿದ್ದ. ಹತ್ತು ಅಡಿ ದೂರದಲ್ಲಿ ನಿಲ್ಲುವುದೊಂದೇ ಅವನು ಮಾಡಬೇಕಾದ ಲೆಕ್ಕ. ಒಂದು ಬಲ್ಬು ಒಂದೇ ಚಿತ್ರಕ್ಕೆ, ಉರಿದ ಮೇಲೆ ಅದನ್ನು ಕಿತ್ತು ಇನ್ನೊಂದು ಸಿಕ್ಕಿಸಬೇಕು. ಚಿತ್ರವೊಂದಕ್ಕೆ ಎಷ್ಟು ಯೋಚನೆ ಬೇಕೋ ಅಷ್ಟೂ ಬಲ್ಬು ಉರಿಯುವ ಮೊದಲೇ ಮುಗಿದಿರಬೇಕಿತ್ತು.

ಬೆಳಗಾಗುವ ಮುನ್ನ ಪ್ರಿಂಟ್ ತೆಗೆದು ಪತ್ರಿಕೆಯಿಂದ ಪತ್ರಿಕೆಗೆ ಹೋಗಿ ಮಾರುತ್ತಿದ್ದ. ಕೊಲೆ, ಬೆಂಕಿ, ವಾಹನ ಅಪಘಾತ, ಪೊಲೀಸ್ ಠಾಣೆಗೆ ಎಳೆತಂದವರು, ಇವೇ ದಿನದ ಸರಕು. ಪ್ರಿಂಟ್‌ಗಳ ಹಿಂದೆ ‘ಪ್ರಸಿದ್ಧ ವೀಜಿ’ ಎಂದು ತಾನೇ ಮಾಡಿಸಿದ ಮೊಹರು ಒತ್ತುತ್ತಿದ್ದ. ಇದನ್ನು ಅಹಂಕಾರವೆಂದು ಬರೆದವರಿದ್ದಾರೆ, ನನಗೆ ಹಾಗನ್ನಿಸುವುದಿಲ್ಲ. ಪತ್ರಿಕೆಗಳು ಛಾಯಾಗ್ರಾಹಕನ ಹೆಸರು ಹಾಕುವ ಗೊಡವೆಗೇ ಹೋಗದ ಕಾಲದಲ್ಲಿ, ಹನ್ನೊಂದು ವರ್ಷ ಹೆಸರಿಲ್ಲದೆ ದುಡಿದವನು ತನ್ನ ಹೆಸರನ್ನು ತಾನೇ ಒತ್ತಿಕೊಂಡ.

1939ರ ಒಂದು ರಾತ್ರಿ ಪ್ರಿನ್ಸ್ ಸ್ಟ್ರೀಟಿನ ಹೋಟೆಲೊಂದರ ಬಾಗಿಲಲ್ಲಿ ಒಬ್ಬನನ್ನು ಗುಂಡಿಕ್ಕಿ ಕೊಂದಿದ್ದರು. ಅಲ್ಲಿಗೆ ಬಂದ ಉಳಿದ ಛಾಯಾಗ್ರಾಹಕರು ಶವದ ಹತ್ತಿರ ಹೋಗಿ ಚಿತ್ರ ತೆಗೆದರು. ವೀಜಿ ಸುಮಾರು ನೂರು ಅಡಿ ಹಿಂದಕ್ಕೆ ಸರಿದು, ಫ್ಲ್ಯಾಶ್ ಪುಡಿ ಹೊತ್ತಿಸಿ, ಇಡೀ ಕಟ್ಟಡವನ್ನು ಚೌಕಟ್ಟಿನೊಳಗೆ ತಂದ. ಇದನ್ನು ಮುಂದೆ ಧ್ವನಿಮುದ್ರಿತ ಮಾತುಗಳಲ್ಲಿ ಅವನೇ ವಿವರಿಸಿದ್ದಾನೆ. ಐದೂ ಅಂತಸ್ತಿನ ಕಿಟಕಿ, ಮೆಟ್ಟಿಲುಗಳಲ್ಲಿ ಜನ ತುಂಬಿಕೊಂಡು ಕೆಳಗೆ ನೋಡುತ್ತಿದ್ದಾರೆ, ಮಕ್ಕಳು ಕೆಲವರು ಕಾಮಿಕ್ಸ್ ಪುಟ ಓದುತ್ತಿದ್ದರು ಎಂದು ಅವನು ಹೇಳುತ್ತಾನೆ. ಸತ್ತವನು ಕೆಳಗೆ ಬಾಗಿಲ ಬಳಿ ಒಂದು ಸಣ್ಣ ಆಕಾರ ಅಷ್ಟೇ. ನಾಟಕಶಾಲೆಯ ಮಹಡಿ ಸೀಟನ್ನು ನೆನಪಿಸುವಂತೆ ಈ ಚಿತ್ರಕ್ಕೆ ‘ಕೊಲೆಗೆ ಬಾಲ್ಕನಿ ಸೀಟು’ ಎಂಬ ಅರ್ಥದ ಹೆಸರಿಟ್ಟ.

ಆ ಹಿಂದಕ್ಕೆ ಸರಿದ ಹೆಜ್ಜೆಯೇ ವೀಜಿ ಎಂದು ನಾನು ತಿಳಿದಿದ್ದೇನೆ. ಹತ್ತು ಅಡಿಯಲ್ಲಿ ನಿಂತು ಬದುಕಲು ಕಲಿತವನು, ಎಲ್ಲರೂ ಮುಂದೆ ನುಗ್ಗುತ್ತಿದ್ದಾಗ ಹಿಂದೆ ಹೋದ. ಶವದ ಚಿತ್ರ ಯಾರು ಬೇಕಾದರೂ ತೆಗೆಯಬಹುದಿತ್ತು. ಸಾವು ಬೀದಿಯಲ್ಲಿ ಬಿದ್ದಾಗ ಬೀದಿಯ ಬದುಕಿಗೆ ಏನಾಗುತ್ತದೆ ಎಂಬುದು ಅವನಿಗೆ ಗೊತ್ತಿತ್ತು, ಏಕೆಂದರೆ ಅಂಥ ಕಿಟಕಿಗಳಲ್ಲಿ ಒಂದರ ಹಿಂದೆ ಅವನೂ ಬೆಳೆದಿದ್ದ.

ಎರಡು ವರ್ಷದ ಮೇಲೆ, 1941ರ ಅಕ್ಟೋಬರಿನಲ್ಲಿ, ಬ್ರೂಕ್ಲಿನ್ನಿನ ಶಾಲೆಯೊಂದರ ಮಕ್ಕಳು ಮನೆಗೆ ಹೊರಟಾಗ ಹತ್ತಿರದಲ್ಲೇ ಜೂಜುಕೋರನೊಬ್ಬನ ಕೊಲೆಯಾಯಿತು. ‘ಅವರ ಮೊದಲ ಕೊಲೆ’ ಎಂಬ ಹೆಸರಿನಿಂದ ಪ್ರಸಿದ್ಧವಾದ ಚಿತ್ರ ಅಲ್ಲಿಯದು. ಶವದ ಚಿತ್ರವನ್ನೂ ವೀಜಿ ತೆಗೆದ, ಅದು ಹೊಟ್ಟೆಪಾಡು. ಆಮೇಲೆ ಕ್ಯಾಮೆರಾವನ್ನು ಗುಂಪಿನತ್ತ ತಿರುಗಿಸಿದ. ಚೌಕಟ್ಟಿನ ತುಂಬ ಒಂದಕ್ಕೊಂದು ಒತ್ತಿಕೊಂಡ ಮುಖಗಳು. ಕುತ್ತಿಗೆ ಚಾಚಿ ಇಣುಕುವವರು, ಸಂದಿಯಲ್ಲಿ ನುಸುಳುವವರು, ಕ್ಯಾಮೆರಾ ಕಂಡು ಹಲ್ಲು ಕಿರಿಯುವ ಹುಡುಗ. ನಡುವೆ ಒಬ್ಬ ಹೆಂಗಸು ಬಾಯಿ ಸೊಟ್ಟಗೆ ಮಾಡಿಕೊಂಡು ಅಳುತ್ತಿದ್ದಾಳೆ. ಆಕೆ ಸತ್ತವನ ಚಿಕ್ಕಮ್ಮನೋ ಸೋದರತ್ತೆಯೋ, ಅಂತೂ ಹತ್ತಿರದ ನೆಂಟಳು. ಅವಳ ದುಃಖದ ಸುತ್ತ ಮಕ್ಕಳ ಕುತೂಹಲ ಕುದಿಯುತ್ತಿದೆ. ಇದನ್ನು ನೋಡಿದವರು ಸಾಮಾನ್ಯವಾಗಿ ಮಕ್ಕಳ ಕ್ರೌರ್ಯದ ಬಗ್ಗೆ ಮಾತನಾಡುತ್ತಾರೆ. ನನಗೆ ಅದರಲ್ಲಿ ಕ್ರೌರ್ಯ ಕಾಣಿಸುವುದಿಲ್ಲ. ಸಾವನ್ನು ಹೇಗೆ ನೋಡಬೇಕೆಂದು ಯಾರೂ ಇನ್ನೂ ಹೇಳಿಕೊಟ್ಟಿರದ ಮಕ್ಕಳು ಅವರು. ಊರಿನಲ್ಲಿ ಹೆಣ ಹೊತ್ತೊಯ್ಯುವಾಗ ಬಾಗಿಲ ಸಂದಿನಿಂದ ಇಣುಕಿದ ಯಾರಿಗಾದರೂ ಆ ಮುಖಭಾವ ತಿಳಿದಿರುತ್ತದೆ.

ಇಂಥ ಚಿತ್ರಕ್ಕೆ ಜಾಗ ಕೊಟ್ಟದ್ದು ಪಿಎಂ ಎಂಬ ಪತ್ರಿಕೆ. ರಾಲ್ಫ್ ಇಂಗರ್ಸಾಲ್ 1940ರಲ್ಲಿ ಆರಂಭಿಸಿದ ಎಡಪಂಥೀಯ ಒಲವಿನ ದೈನಿಕ, ಜಾಹೀರಾತು ತೆಗೆದುಕೊಳ್ಳುತ್ತಿರಲಿಲ್ಲ. ಅದು ವೀಜಿಯ ಹೆಸರು ಹಾಕಿತು, ಚಿತ್ರದ ಜೊತೆ ಅವನೇ ಬರೆಯಲು ಬಿಟ್ಟಿತು. ಕೋನಿ ಐಲ್ಯಾಂಡಿನ ಕಡಲ ತೀರದಲ್ಲಿ ಸಾಸಿವೆ ಹಾಕಲೂ ಜಾಗವಿಲ್ಲದಂತೆ ನೆರೆದ ಜನ ಕ್ಯಾಮೆರಾದತ್ತ ನೋಡುತ್ತಿರುವ 1940ರ ಜುಲೈ ತಿಂಗಳ ಚಿತ್ರ ಅದರಲ್ಲೇ ಬಂತು. ಕೊಲೆಯೂ ಇಲ್ಲ, ಬೆಂಕಿಯೂ ಇಲ್ಲ, ಮನೆಯ ಸೆಖೆ ತಾಳದೆ ಬಂದ ಬಡವರ ಸಂಭ್ರಮ. ಪಿಎಂ 1948ರಲ್ಲಿ ಮುಚ್ಚಿತು. ಒಬ್ಬ ಒಳ್ಳೆಯ ಛಾಯಾಗ್ರಾಹಕ ಬೆಳೆಯಲು ಅವನ ಕಣ್ಣಿನಷ್ಟೇ ಒಬ್ಬ ಧೈರ್ಯದ ಸಂಪಾದಕನೂ ಬೇಕು. ಡೆಸ್ಕಿನಲ್ಲಿ ಕುಳಿತಿದ್ದವನಾಗಿ ಇದನ್ನು ನಾನು ಗಟ್ಟಿಯಾಗಿ ಹೇಳಬಲ್ಲೆ.

ಆದರೆ 1939ರ ಡಿಸೆಂಬರಿನ ಒಂದು ಚಿತ್ರದ ಮುಂದೆ ನನ್ನ ಈ ಮೆಚ್ಚುಗೆ ತಡವರಿಸುತ್ತದೆ. ಬ್ರೂಕ್ಲಿನ್ನಿನ ವಠಾರವೊಂದು ಹೊತ್ತಿ ಉರಿಯುತ್ತಿದೆ. ಬೀದಿಯಲ್ಲಿ ತಾಯಿ ಮತ್ತು ಮಗಳು ಒಬ್ಬರನ್ನೊಬ್ಬರು ಆತುಕೊಂಡು ಮೇಲೆ ನೋಡುತ್ತಿದ್ದಾರೆ. ಇನ್ನೊಬ್ಬ ಮಗಳು, ಅವಳ ಹಸುಗೂಸು ಒಳಗೆ ಸಿಕ್ಕಿಕೊಂಡಿದ್ದಾರೆ, ಉಳಿಯುವುದಿಲ್ಲ. ಪುಸ್ತಕದಲ್ಲಿ ಇದಕ್ಕೆ ಅವನು ಬರೆದ ಮಾತು: ಈ ಚಿತ್ರ ತೆಗೆಯುವಾಗ ನಾನು ಅತ್ತುಬಿಟ್ಟೆ. ಅತ್ತದ್ದು ನಿಜವೆಂದೇ ನಾನು ನಂಬುತ್ತೇನೆ. ಅತ್ತರೂ ಬಲ್ಬು ಉರಿಸಿದ ಎಂಬುದೂ ಅಷ್ಟೇ ನಿಜ. ಆ ತಾಯಿಯನ್ನು ಯಾರೂ ಏನೂ ಕೇಳಲಿಲ್ಲ. ಕೇಳುವ ಹೊತ್ತೂ ಅದಾಗಿರಲಿಲ್ಲ. ಆಕೆಯ ಬದುಕಿನ ಅತ್ಯಂತ ಕೆಟ್ಟ ಗಳಿಗೆ ಮರುದಿನ ಕಾಸಿಗೆ ಸಿಕ್ಕಿತು, ಇಂದು ಸಂಗ್ರಹಾಲಯದ ಗೋಡೆಯ ಮೇಲಿದೆ. ಇಂಥ ಚಿತ್ರಗಳಿಲ್ಲದಿದ್ದರೆ ಆ ವಠಾರಗಳ ಸ್ಥಿತಿಯನ್ನು ಯಾರೂ ನೋಡುತ್ತಿರಲಿಲ್ಲ ಎನ್ನುವ ವಾದವನ್ನು ನಾನು ಒಪ್ಪುತ್ತೇನೆ. ಒಪ್ಪಿದ ಮೇಲೂ ಆಕೆಗೆ ಆದ ಅನ್ಯಾಯ ಕಡಿಮೆಯಾಗುವುದಿಲ್ಲ. ಎರಡನ್ನೂ ಒಟ್ಟಿಗೆ ಹೊರಬೇಕಾದ ವೃತ್ತಿ ಅದು. ಪೊಲೀಸ್ ವ್ಯಾನಿನಲ್ಲಿ ಟೋಪಿಯಿಂದ ಮುಖ ಮುಚ್ಚಿಕೊಂಡವರ ಚಿತ್ರಗಳಿಗೂ, ಇನ್‌ಫ್ರಾರೆಡ್ ಫಿಲ್ಮ್ ಬಳಸಿ ಸಿನಿಮಾ ಮಂದಿರದ ಕತ್ತಲಲ್ಲಿ ಪ್ರೇಮಿಗಳಿಗೆ ತಿಳಿಯದಂತೆ ತೆಗೆದ ಚಿತ್ರಗಳಿಗೂ ಇದೇ ಮಾತು. ಎರಡನೆಯದನ್ನಂತೂ ನಾನು ಸಮರ್ಥಿಸಲಾರೆ, ಅಲ್ಲಿ ಲೋಕ ತಿಳಿಯಬೇಕಾದ ಸಂಗತಿ ಯಾವುದೂ ಇರಲಿಲ್ಲ.

ಅವನ ಅತಿ ಪ್ರಸಿದ್ಧ ಚಿತ್ರದ ಬಗ್ಗೆ ನನ್ನ ಅಭಿಪ್ರಾಯ ಬಹುಮತದ್ದಲ್ಲ. 1943ರ ನವೆಂಬರ್ 22, ಮೆಟ್ರೊಪಾಲಿಟನ್ ಒಪೆರಾದ ಆರಂಭದ ರಾತ್ರಿ. ವಜ್ರ, ತುಪ್ಪಳ ಧರಿಸಿದ ಇಬ್ಬರು ಸಿರಿವಂತ ಮಹಿಳೆಯರು ಬರುತ್ತಿದ್ದಾರೆ, ಪಕ್ಕದಲ್ಲಿ ಮಾಸಿದ ಕೋಟಿನ ಹೆಂಗಸೊಬ್ಬಳು ಅವರನ್ನು ದುರುಗುಟ್ಟಿ ನೋಡುತ್ತಿದ್ದಾಳೆ. ಲೈಫ್ ಪತ್ರಿಕೆಯಲ್ಲಿ ಪ್ರಕಟವಾಗಿ ಮುಂದೆ ‘ವಿಮರ್ಶಕಿ’ ಎಂಬ ಅರ್ಥದ ಹೆಸರಿನಿಂದ ಲೋಕಪ್ರಸಿದ್ಧವಾಯಿತು. ಅವನ ಸಹಾಯಕನಾಗಿದ್ದ ಲೂಯಿ ಲಿಯೊಟ್ಟಾ ಎಷ್ಟೋ ವರ್ಷಗಳ ಮೇಲೆ ಹೇಳಿದ ಪ್ರಕಾರ, ಆ ಹೆಂಗಸನ್ನು ಬೌವರಿ ಬೀದಿಯ ಮದ್ಯದಂಗಡಿಯಿಂದ ಕರೆತಂದು, ಹೆಂಡ ಕುಡಿಸಿ, ಸರಿಯಾದ ಹೊತ್ತಿಗೆ ಅಲ್ಲಿ ನಿಲ್ಲಿಸಲಾಗಿತ್ತು. ಸುದ್ದಿಚಿತ್ರದಲ್ಲಿ ಇದು ಮೋಸ. ಇದಕ್ಕೆ ಯುದ್ಧಕಾಲ, ಬಡವ ಬಲ್ಲಿದರ ಅಂತರ ಎಂದು ಯಾವ ಸಮಾಧಾನ ಕೊಟ್ಟರೂ ನಾನು ಒಪ್ಪುವುದಿಲ್ಲ. ನನ್ನನ್ನು ಇನ್ನೂ ಹೆಚ್ಚು ಕಾಡುವುದು, ಬಡವರ ನೋಟವನ್ನು ಕಾದು ಹಿಡಿಯುತ್ತಿದ್ದವನು ಇಲ್ಲಿ ಒಬ್ಬ ಬಡವಿಗೆ ಕುಡಿಸಿ ಆ ನೋಟವನ್ನು ತಯಾರಿಸಿದ ಎಂಬುದು. ಬ್ರೂಕ್ಲಿನ್ನಿನ ಆ ಮಕ್ಕಳ ಚಿತ್ರವನ್ನು ನಾನು ಎಷ್ಟು ಸಲ ಬೇಕಾದರೂ ನೋಡಬಲ್ಲೆ, ಪ್ರತಿಸಲ ಮತ್ತೊಂದು ಮುಖ ಸಿಗುತ್ತದೆ. ಇದನ್ನು ಒಮ್ಮೆ ನೋಡಿದರೆ ಮುಗಿಯಿತು, ಅವನು ಹೇಳಬೇಕೆಂದದ್ದಷ್ಟೇ ಅದರಲ್ಲಿದೆ.

ಆ ಹೊತ್ತಿಗೆ ಹೆಸರು ಬಂದಿತ್ತು. 1941ರಲ್ಲಿ ಫೋಟೊ ಲೀಗ್ ಎಂಬ ಛಾಯಾಗ್ರಾಹಕರ ಸಂಘ ಅವನ ಪ್ರದರ್ಶನ ನಡೆಸಿತ್ತು, 1943ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಅವನ ಚಿತ್ರಗಳನ್ನು ತನ್ನ ಪ್ರದರ್ಶನಕ್ಕೆ ಸೇರಿಸಿಕೊಂಡಿತ್ತು. 1945ರಲ್ಲಿ ‘ನೇಕೆಡ್ ಸಿಟಿ’ ಪುಸ್ತಕ ಬಂದು ಚೆನ್ನಾಗಿ ಮಾರಾಟವಾಯಿತು. ಅದರ ಹೆಸರನ್ನು ನಿರ್ಮಾಪಕ ಮಾರ್ಕ್ ಹೆಲಿಂಗರ್ ತನ್ನ ಸಿನಿಮಾಕ್ಕೆ ಕೊಂಡ. 1947ರಲ್ಲಿ ವೀಜಿ ಹಾಲಿವುಡ್ಡಿಗೆ ಹೊರಟ.

ಅಲ್ಲಿಂದ ಮುಂದಿನ ಕಥೆ ಬೇಗ ಹೇಳಿ ಮುಗಿಸಬಹುದು. ಸಿನಿಮಾಗಳಲ್ಲಿ ಚಿಕ್ಕಪುಟ್ಟ ಪಾತ್ರ ಮಾಡಿದ, ತಾರೆಯರ ಮುಖಗಳನ್ನು ಡಾರ್ಕ್ ರೂಮಿನಲ್ಲಿ ಎಳೆದು ತಿರುಚಿ ವ್ಯಂಗ್ಯಚಿತ್ರಗಳಂತೆ ಮಾಡಿದ, 1950ರ ದಶಕದ ಆರಂಭದಲ್ಲಿ ನ್ಯೂಯಾರ್ಕಿಗೆ ಮರಳಿದ. ಆ ತಿರುಚಿದ ಮುಖಗಳನ್ನು ಅವನು ಬಹಳ ಹಚ್ಚಿಕೊಂಡಿದ್ದ, ಅದೇ ತನ್ನ ನಿಜವಾದ ಕಲೆ ಎಂದು ನಂಬಿದ್ದ. ನನಗೆ ಅವುಗಳಲ್ಲಿ ಉಪಾಯ ಕಾಣುತ್ತದೆ, ಮನುಷ್ಯರು ಕಾಣುವುದಿಲ್ಲ. ಲೋಯರ್ ಈಸ್ಟ್ ಸೈಡಿನ ಮೆಟ್ಟಿಲಿನ ಮೇಲೆ ಮಲಗಿದ್ದ ಮಕ್ಕಳ ಬಗ್ಗೆ ಅವನಿಗೆ ತಿಳಿದಿದ್ದ ಯಾವುದೂ ಆ ತಾರೆಯರ ಬಗ್ಗೆ ತಿಳಿದಿರಲಿಲ್ಲ. ಒಂದು ಸಂಗತಿ ಮಾತ್ರ ಇಷ್ಟವಾಗುತ್ತದೆ. ಹದಿಹರೆಯದಲ್ಲೇ ಲುಕ್ ಪತ್ರಿಕೆಯ ಛಾಯಾಗ್ರಾಹಕನಾಗಿ, ಆಮೇಲೆ ಸಿನಿಮಾ ನಿರ್ದೇಶಕನಾದ ಸ್ಟ್ಯಾನ್ಲಿ ಕುಬ್ರಿಕ್, 1963ರಲ್ಲಿ ತನ್ನ ಚಿತ್ರೀಕರಣದ ಸ್ಥಳಕ್ಕೆ ವೀಜಿಯನ್ನು ಕರೆಸಿಕೊಂಡ. ಅಲ್ಲಿ ನಟ ಪೀಟರ್ ಸೆಲರ್ಸ್ ತನ್ನ ಪಾತ್ರವೊಂದಕ್ಕೆ ವೀಜಿಯ ಮಾತಿನ ಧಾಟಿಯಿಂದ ಎರವಲು ಪಡೆದ. ನ್ಯೂಯಾರ್ಕಿನ ಸಂತೆಬೀದಿಯಲ್ಲಿ ಇಂಗ್ಲಿಷ್ ಕಲಿತ ವಲಸಿಗನ ಉಚ್ಚಾರ ಹಾಗೆ ಲೋಕದ ಕಿವಿಗೆ ಬಿತ್ತು.

1968ರ ಡಿಸೆಂಬರ್ 26ರಂದು ನ್ಯೂಯಾರ್ಕಿನಲ್ಲಿ ವೀಜಿ ತೀರಿಕೊಂಡ. ಕೊನೆಯ ದಶಕದಲ್ಲಿ ಅವನ ಜೊತೆಗಿದ್ದವರು ವಿಲ್ಮಾ ವಿಲ್ಕಾಕ್ಸ್ ಎಂಬ ಸಮಾಜ ಕಾರ್ಯಕರ್ತೆ. ಪೆಟ್ಟಿಗೆಗಳಲ್ಲಿ ತುರುಕಿದ್ದ ಸಾವಿರಾರು ಪ್ರಿಂಟ್‌ಗಳನ್ನೂ ನೆಗೆಟಿವ್‌ಗಳನ್ನೂ ಆಕೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕಾಪಾಡಿದರು. 1993ರಲ್ಲಿ ಆ ಸಂಗ್ರಹವೆಲ್ಲ ಅವರ ಉಯಿಲಿನಂತೆ ನ್ಯೂಯಾರ್ಕಿನ ಅಂತರರಾಷ್ಟ್ರೀಯ ಛಾಯಾಗ್ರಹಣ ಕೇಂದ್ರಕ್ಕೆ ಸೇರಿತು. ವೀಜಿಯ ಬಗ್ಗೆ ಬರೆಯುವವರೆಲ್ಲ ಈ ಹೆಂಗಸಿಗೆ ಒಂದು ಸಾಲು ಕೊಟ್ಟು ಸುಮ್ಮನಾಗುತ್ತಾರೆ. ನಾಳೆಗೆ ಹಳಸುವ ಸುದ್ದಿಯ ಚಿತ್ರಗಳನ್ನು ಯಾರೂ ಎತ್ತಿಡುವುದಿಲ್ಲ. ನಮ್ಮ ಜಿಲ್ಲಾ ಛಾಯಾಗ್ರಾಹಕರಲ್ಲಿ ಎಷ್ಟೋ ಮಂದಿಯ ಜೀವಮಾನದ ಕೆಲಸ ಹೀಗೆ ಎತ್ತಿಡುವವರಿಲ್ಲದೆ ಹೋಗಿದೆ.

ಆ ಕೇಂದ್ರದ ಜಾಲತಾಣದಲ್ಲಿ ಅವನ ಚಿತ್ರಗಳು ನೋಡಲು ಸಿಗುತ್ತವೆ. ಹೊಸದಾಗಿ ನೋಡುವವರಿಗೆ ನನ್ನದೊಂದು ಸಲಹೆ ಇದೆ. ಕೊಲೆಯಾದವರ ಚಿತ್ರಗಳನ್ನು ಸದ್ಯಕ್ಕೆ ಬಿಡಿ. ಕೋನಿ ಐಲ್ಯಾಂಡಿನ ಜನಸಾಗರ, ಮೆಟ್ಟಿಲಿನ ಮೇಲೆ ಮಲಗಿದ ಮಕ್ಕಳು, 1940ರಲ್ಲಿ ಹಾರ್ಲೆಮ್‌ನಲ್ಲಿ ಈಸ್ಟರ್ ಭಾನುವಾರ ಅಚ್ಚುಕಟ್ಟಾಗಿ ಉಡುಪು ತೊಟ್ಟು ನಿಂತ ಹುಡುಗ, ಇಲ್ಲಿಂದ ಶುರುಮಾಡಿ. ಆಮೇಲೆ ಬ್ರೂಕ್ಲಿನ್ನಿನ ಶಾಲೆಯ ಮಕ್ಕಳ ಚಿತ್ರಕ್ಕೆ ಬನ್ನಿ, ಅಲ್ಲಿನ ಒಂದೊಂದು ಮುಖಕ್ಕೂ ಪ್ರತ್ಯೇಕವಾಗಿ ಹೊತ್ತು ಕೊಡಿ.